ಹಸಿರು ಪರದೆಯ ಮುಂದೆ ಕುಬಸ

ದಿನಕ್ಕೆ ಎಷ್ಟು ಸಲ ಆ ಮಾತು ಹೇಳುತ್ತಿದ್ದೆನೋ ಲೆಕ್ಕವಿಲ್ಲ. ಫೋನು ಎತ್ತಿದರೆ ಮೊದಲು ಅಂಧೇರಿ ಸ್ಟೇಷನ್ನಿನಿಂದ ನಮ್ಮ ಸ್ಟುಡಿಯೋಗೆ ಯಾವ ರಿಕ್ಷಾ ಹಿಡಿಯಬೇಕು ಎಂದು ಹೇಳುವುದು, ಆಮೇಲೆ ಅದೇ ಉಸಿರಿನಲ್ಲಿ ‘ಹರಾ ಕಪಡಾ ಮತ್ ಪೆಹೆನ್‌ಕೇ ಆನಾ’ ಎನ್ನುವುದು. ಹಸಿರು ಅಂಗಿ ಬೇಡ, ಹಸಿರು ದುಪಟ್ಟಾ ಬೇಡ, ಹಸಿರು ಟೈ ಬೇಡ. ಯಾಕೆ ಎಂದು ಕೇಳಿದವರಿಗೆ ವಿವರಿಸುತ್ತಿದ್ದೆ. ಕೇಳದೆ ಹಸಿರು ತೊಟ್ಟು ಬಂದವರಿಗೆ ವಿವರಿಸುವ ಕಷ್ಟವೇ ಇರುತ್ತಿರಲಿಲ್ಲ, ತಮ್ಮ ಕಣ್ಣಿನಿಂದಲೇ ನೋಡಿಕೊಳ್ಳುತ್ತಿದ್ದರು.

ನಮ್ಮ ಮನೆಯವರದು ಅಂಧೇರಿ ಪೂರ್ವದ ಹಳೆಯ ಕಾರ್ಖಾನೆ ಕಟ್ಟಡವೊಂದರಲ್ಲಿ ಚಿಕ್ಕ ಸ್ಟುಡಿಯೋ. ಇಂಥ ಕಟ್ಟಡದ ಕೋಣೆಗಳಿಗೆ ಮುಂಬೈಯಲ್ಲಿ ಗಾಲಾ ಎನ್ನುತ್ತಾರೆ. ನಮ್ಮ ಗಾಲಾದ ಒಂದು ಗೋಡೆಗೆ ಮೇಲಿನಿಂದ ಇಳಿಬಿಟ್ಟು ನೆಲದ ಮೇಲೂ ಹಾಸಿದ ಹಾಗೆ ಗಿಳಿಹಸಿರು ಬಣ್ಣದ ಬಟ್ಟೆ. ಧಂಧೆಯವರು ಅದಕ್ಕೆ ಕ್ರೋಮಾ ಎನ್ನುತ್ತಾರೆ. ಅದರ ಮುಂದೆ ಮನುಷ್ಯನನ್ನು ನಿಲ್ಲಿಸಿ ಕ್ಯಾಮೆರಾ ಹಿಡಿದು, ಹಸಿರು ಕಂಡಲ್ಲೆಲ್ಲ ಬೇರೆ ಚಿತ್ರ ತುಂಬು ಎಂದು ಕಂಪ್ಯೂಟರಿಗೆ ಹೇಳಿದರೆ ಮುಗಿಯಿತು. ಆ ಮನುಷ್ಯ ಹಿಮಾಲಯದಲ್ಲಾದರೂ ನಿಂತಿರುತ್ತಾನೆ, ಪಾರ್ಲಿಮೆಂಟಿನ ಮುಂದಾದರೂ ನಿಂತಿರುತ್ತಾನೆ. ಕಂಪ್ಯೂಟರು ಹೇಳಿದ ಮಾತು ಮೀರುವುದಿಲ್ಲ, ಆದರೆ ಅದಕ್ಕೆ ಸ್ವಂತ ಬುದ್ಧಿಯೂ ಇಲ್ಲ. ಯಾವ ಹಸಿರು ಪರದೆಯದು, ಯಾವುದು ಮನುಷ್ಯನ ಮೈಮೇಲಿನದು ಎಂದು ಅದಕ್ಕೆ ತಿಳಿಯುವುದಿಲ್ಲ. ಒಮ್ಮೆ ಒಬ್ಬ ಜ್ಯೋತಿಷಿ ದೊಡ್ಡ ಪಚ್ಚೆಕಲ್ಲಿನ ಉಂಗುರ ಹಾಕಿಕೊಂಡು ಬಂದಿದ್ದರು. ಹಿಂದೆ ಗ್ರಹಗಳ ಚಿತ್ರ. ಅವರು ಕೈಯೆತ್ತಿ ಭವಿಷ್ಯ ಹೇಳತೊಡಗಿದರೆ ಬೆರಳಿನಲ್ಲಿ ತೂತು, ತೂತಿನೊಳಗೆ ಶನಿ. ಹೆಗಲೇರಿದ ಶನಿಯ ಬಗ್ಗೆ ಕೇಳಿದ್ದೆ, ಬೆರಳಿಗೇರಿದ ಶನಿಯನ್ನು ನೋಡಿದ್ದು ಅವತ್ತೇ.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳುತ್ತಿರುವುದು, ಹಸಿರಿನ ಗುಣ ಗೊತ್ತಿಲ್ಲದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ ಎಂದು ತಿಳಿಸುವುದಕ್ಕೆ. ಆದರೂ ಆಗಬಾರದ್ದು ಆಯಿತು.

ನನ್ನ ತವರು ವಿಜಯಪುರ ಜಿಲ್ಲೆ. ನಮ್ಮ ಮನೆಯವರು ದಾದರಿನ ಚಾಳಿನಲ್ಲಿ ಹುಟ್ಟಿ ಬೆಳೆದವರು, ಅವರ ಕನ್ನಡದಲ್ಲಿ ಕಾಲು ಭಾಗ ಮರಾಠಿ, ಉಳಿದದ್ದರಲ್ಲಿ ಅರ್ಧ ಹಿಂದಿ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಅವರಿಗೆ ಸಿಟ್ಟು ಬರುವುದೇ ಇಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಮದುವೆಯಾಗಿ ವಿಲೆ ಪಾರ್ಲೆಯಲ್ಲಿ ಬಾಡಿಗೆ ಮನೆ ಮಾಡಿದ ಮೇಲೆ ನಾನು ಎರಡು ಸಲ ಬಸುರಿಯಾದೆ. ಎರಡು ಸಲವೂ ಮೂರು ತಿಂಗಳು ದಾಟಲಿಲ್ಲ. ಮೂರನೆಯ ಸಲ ದಾಟಿತು. ನಾಲ್ಕು, ಐದು ಎಂದು ತಿಂಗಳುಗಳು ಹೋದ ಹಾಗೆ ಸುತ್ತಲಿನವರ ಮುಖ ಅರಳುತ್ತಿತ್ತು, ನನ್ನ ಹೆದರಿಕೆ ಮಾತ್ರ ಬೆಳೆಯುತ್ತಿತ್ತು. ಬಾತ್‌ರೂಮಿಗೆ ಹೋದಾಗಲೆಲ್ಲ ರಕ್ತ ಕಂಡೀತೆಂದು ಬಗ್ಗಿ ನೋಡುತ್ತಿದ್ದೆ. ಮಲಗಿದರೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಮಲಗುತ್ತಿದ್ದೆ. ಸೀನಲಿಕ್ಕೂ ಭಯ.

ಡಾಕ್ಟರು ಲೋಕಲ್ ರೈಲೇ ಹತ್ತಬೇಡಿ ಎಂದಿದ್ದರು, ಇನ್ನು ವಿಜಯಪುರದ ಮಾತೆಲ್ಲಿ ಬಂತು. ಆದರೆ ಏಳನೆಯ ತಿಂಗಳಿಗೆ ಕುಬಸ ಆಗಬೇಕು. ನಮ್ಮ ಕಡೆ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಕುಬಸ ತೊಡಿಸಿ, ಕೈತುಂಬ ಹಸಿರು ಬಳೆ ಇಡಿಸಿ, ಉಡಿ ತುಂಬಿ ಆರತಿ ಎತ್ತುತ್ತಾರೆ. ಅವ್ವನೇ ಬಂದು ಮಾಡೋಣವೆಂದರೆ ಅವಳು ಮೆಟ್ಟಿಲು ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲಿದ್ದಳು. ಕುಬಸವನ್ನು ಫೋನಿನಲ್ಲಿ ನೋಡಿಬಿಡು ಎಂದರೆ ಒಪ್ಪಲಿಲ್ಲ. ನಮ್ಮ ಪಡಸಾಲೆಯಲ್ಲಿ ಒಂದು ಕಂಬವಿದೆ. ಆ ಮನೆಯ ಹೆಣ್ಣುಮಕ್ಕಳೆಲ್ಲ ಅದಕ್ಕೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂತೇ ಉಡಿ ತುಂಬಿಸಿಕೊಂಡವರು.

‘ನೀ ಆ ಕಂಬದ ಮುಂದ ಕುಂದರಬೇಕಿತ್ತು’ ಎಂದು ಅವ್ವ ಫೋನಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದಳು. ‘ಅಲ್ಲಿ ಕುಂತ ಹೆಣಮಕ್ಕಳದು ಯಾರದೂ ಕೆಟ್ಟಿಲ್ಲ.’

ನನ್ನ ಹಿಂದಿನ ಎರಡರ ಮಾತನ್ನು ಅವಳು ಎತ್ತಲಿಲ್ಲ. ಎತ್ತದೆಯೇ ಇಬ್ಬರಿಗೂ ಕೇಳಿಸಿತು. ನಾನು ಫೋನನ್ನು ನಮ್ಮ ಮನೆಯವರ ಕೈಗೆ ಕೊಟ್ಟೆ.

‘ಅತ್ತಿ, ಟೆನ್ಶನ್ ಬ್ಯಾಡ’ ಎಂದರು ಅವರು. ‘ಈಕಿ ಅಲ್ಲಿ ಬರಲಿಕ್ಕೆ ಆಗಲ್ಲ ನಾ? ಕಂಬಾನೇ ಇಲ್ಲಿ ತರ್ತೀನಿ. ಲೈವ್ ತೋರಿಸ್ತೀನಿ, ನೀವು ಟೀವಿ ಮೇಲೆ ನೋಡ್ರಿ.’

ಅವ್ವನಿಗೆ ಎಷ್ಟು ತಿಳಿಯಿತೋ. ಅಳಿಯನ ಮಾತೆಂದರೆ ಅವಳಿಗೆ ವೇದವಾಕ್ಯ, ಒಪ್ಪಿದಳು.

ಮರುದಿನದಿಂದ ನಮ್ಮ ಮನೆಯವರು ಸಿನಿಮಾ ತೆಗೆಯುವವರ ಹಾಗೆ ಶುರುಮಾಡಿದರು. ಊರಲ್ಲಿದ್ದ ನನ್ನ ಅಣ್ಣನಿಗೆ ಪಡಸಾಲೆಯ ವೀಡಿಯೋ ತೆಗೆದು ಕಳಿಸಲು ಹೇಳಿದರು. ಅಣ್ಣ ನಿಂತುಕೊಂಡು ತೆಗೆದು ಕಳಿಸಿದ. ಅದರ ಮುಂದೆ ನನ್ನನ್ನು ಕೂರಿಸಿ ನೋಡಿದರೆ ನಾನು ನೆಲದೊಳಗೆ ಇಳಿದ ಹಾಗೆ ಕಾಣುತ್ತಿದ್ದೆ. ಕೂತುಕೊಂಡು ತೆಗೆ ಎಂದರು. ಕೂತು ತೆಗೆದ, ಕಂಬದ ಬದಿಗೆ ಅಣ್ಣನ ಬೈಕು ಬಂದಿತ್ತು, ಅವ್ವ ಬೈದು ಅದನ್ನು ಹೊರಗೆ ಹಾಕಿಸಿದಳು. ಮೂರನೆಯದರಲ್ಲಿ ಸಾರಿಸಿದ ನೆಲ, ರಂಗೋಲಿ, ಕಂಬದ ಮುಂದೆ ಖಾಲಿ ಮಣೆ. ಪಡಸಾಲೆಗೆ ಬೆಳಕು ಎಡಗಡೆಯ ಬಾಗಿಲಿನಿಂದ ಬರುತ್ತದೆಂದು ಸ್ಟುಡಿಯೋದ ದೊಡ್ಡ ದೀಪವನ್ನೂ ಎಡಕ್ಕೆ ಸರಿಸಿದರು. ಪರದೆಯ ಸುಕ್ಕುಗಳನ್ನೆಲ್ಲ ಇಸ್ತ್ರಿ ಮಾಡಿಸಿದರು, ಸುಕ್ಕಿದ್ದರೆ ಅಲ್ಲಿ ನೆರಳು ಬಿದ್ದು ಕೊಳೆ ಹಿಡಿದ ಹಾಗೆ ಕಾಣುತ್ತದಂತೆ. ನನ್ನನ್ನು ರಿಕ್ಷಾದಲ್ಲಿ ಮೆಲ್ಲಗೆ ಕರೆದುಕೊಂಡು ಹೋಗಿ ಹಳದಿ ಚೂಡಿದಾರದಲ್ಲೇ ಕೂರಿಸಿ ಪರೀಕ್ಷೆ ಮಾಡಿದರು. ನಾನು ಕಂಪ್ಯೂಟರಿನ ಪರದೆಯ ಮೇಲೆ ನೋಡಿ ದಂಗಾದೆ. ನಾನು ನಿಜವಾಗಿಯೂ ತವರಿನ ಪಡಸಾಲೆಯಲ್ಲಿ ಕೂತಿದ್ದೆ. ಹಿಂದೆ ಅಡಿಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ಅವತ್ತು ಬಹಳ ದಿನಗಳ ಮೇಲೆ ನಗು ಬಂತು.

ಉಡಿ ತುಂಬುವುದಕ್ಕೆ ಪಕ್ಕದ ಗಾಲಾದವರು, ನಾವೆಲ್ಲ ಅಕ್ಕ ಎನ್ನುವ ಹಾಗೆ ಆಪಾ ಎಂದು ಕರೆಯುವವರು, ಒಪ್ಪಿದ್ದರು. ಆಪಾ ಅಲ್ಲಿ ಹೊಲಿಗೆ ಮಷೀನುಗಳನ್ನಿಟ್ಟುಕೊಂಡು ಪರದೆ, ದಿಂಬಿನ ಚೀಲ ಹೊಲಿಸುವವರು. ಕಲಬುರ್ಗಿ ಕಡೆಯವರು, ಮನೆಯಲ್ಲಿ ದಖನಿ, ನನ್ನ ಜೊತೆ ಕನ್ನಡ. ಅವ್ವನಿಗೆ ಹೇಳಿದಾಗ, ‘ಮುತ್ತೈದಿ ಅದಾಳಿಲ್ಲೋ? ಮಕ್ಕಳೊಂದಿಗಳು ಅದಾಳಿಲ್ಲೋ? ಮತ್ತೇನ ಬೇಕು’ ಎಂದಿದ್ದಳು. ಆಪಾ ಕೂಡ, ‘ನಮ್ಮಲ್ಲಿ ಇದಕ್ಕ ಸತ್ವಾಸಾ ಅಂತೀವಿ. ಸಾಮಾನು ಎಲ್ಲಾ ಸೇಮ್, ಹಾಡು ಅಷ್ಟೇ ಬ್ಯಾರೆ’ ಎಂದಿದ್ದರು.

ಸೀರೆ, ಕುಬಸ, ಬಳೆ ಊರಿನಿಂದ ಬಸ್ಸಿನಲ್ಲಿ ಬಂದವು. ತವರಿನಿಂದ ಬಂದ ಗಂಟನ್ನು ಮೊದಲೇ ಬಿಚ್ಚಬಾರದು ಎಂದು ಅವ್ವ ತಾಕೀತು ಮಾಡಿದ್ದಳು. ಹಾಗಾಗಿ ಅದನ್ನು ಕುಬಸದ ದಿನ ಬೆಳಿಗ್ಗೆ ಆಪಾನ ಗಾಲಾದಲ್ಲೇ ಬಿಚ್ಚಿದೆವು. ಗಂಟಿನಲ್ಲಿ ಏನಿರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಒಂದು ತಿಂಗಳಿನಿಂದ ಮನೆಯಲ್ಲಿ ಹಸಿರು ಸೀರೆ, ಹಸಿರು ಬಳೆ ಎಂಬ ಮಾತೇ ನಡೆದಿತ್ತು. ನಮ್ಮ ಮನೆಯವರೂ ಹ್ಞೂಂಗುಟ್ಟಿದ್ದರು, ನಾನೂ ಹ್ಞೂಂಗುಟ್ಟಿದ್ದೆ. ಕುಬಸದಲ್ಲಿ ಹಸಿರು ಎನ್ನುವುದು ನಮಗೆ ಬಣ್ಣವೇ ಅಲ್ಲ, ಶಾಸ್ತ್ರ. ಫೋನಿನಲ್ಲಿ ಗಿರಾಕಿಗಳಿಗೆಲ್ಲ ಬೇಡವೆನ್ನುತ್ತಿದ್ದ ಹಸಿರು ಇದೇ ಎಂದು ಇಬ್ಬರ ತಲೆಗೂ ಹೊಳೆಯಲಿಲ್ಲ.

ನನ್ನ ತಲೆಯಲ್ಲಿ ಬೇರೆಯದೇ ಇತ್ತು. ಆ ದಿನ ಬೆಳಿಗ್ಗೆ ಎದ್ದಾಗಿನಿಂದ ಮಗು ಮಿಸುಕಿರಲಿಲ್ಲ. ದಿನಾ ಚಹಾ ಕುಡಿದ ಕೂಡಲೇ ಒಳಗೆ ಹೊರಳುತ್ತಿದ್ದದ್ದು ಅವತ್ತು ಸುಮ್ಮನಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಎಲ್ಲರೂ ಗಾಬರಿಯಾಗುತ್ತಾರೆ, ಅವ್ವ ಅಲ್ಲಿ ಮಂಚದ ಮೇಲೆ ಕೂತು ಕಾಯುತ್ತಿದ್ದಾಳೆ, ಇದೊಂದು ಮುಗಿಯಲಿ, ಇಲ್ಲಿಂದ ನೇರ ಡಾಕ್ಟರ ಹತ್ತಿರ ಹೋಗೋಣ ಎಂದುಕೊಂಡೆ. ಸೀರೆಯ ನೆರಿಗೆ ಹಿಡಿಯುವಾಗ ಆಪಾ, ‘ಕೈ ಯಾಕ ಇಷ್ಟು ತಣ್ಣಗ ಅದಾವ’ ಎಂದರು. ಎಸಿ ಎಂದೆ. ಅವರ ಗಾಲಾದಲ್ಲಿ ಎಸಿಯೇ ಇರಲಿಲ್ಲ.

ನಾನು ಬಂದು ಮಣೆಯ ಮೇಲೆ ಕೂತಾಗ ನಮ್ಮ ಮನೆಯವರು ನನಗೆ ಬೆನ್ನು ಹಾಕಿ ಕಂಪ್ಯೂಟರಿನ ಮುಂದೆ ಅಣ್ಣನ ಜೊತೆ ಮಾತಾಡುತ್ತಿದ್ದರು. ಆ ಕಡೆ ಟೀವಿಗೆ ಹಚ್ಚಿ ಆಗಿತ್ತು. ನನ್ನ ಮುಂದೆ ಇಟ್ಟಿದ್ದ ಒಂದು ಪರದೆಯಲ್ಲಿ ಅವ್ವ ಕಾಣುತ್ತಿದ್ದಳು, ಪ್ಲಾಸ್ಟರ್ ಹಾಕಿದ ಕಾಲು ದಿಂಬಿನ ಮೇಲೆ, ಸುತ್ತ ಓಣಿಯ ಹೆಂಗಸರು. ಇನ್ನೊಂದರಲ್ಲಿ ಬರೀ ಪಡಸಾಲೆ. ‘ಆಪಾ, ಶುರು ಕರೋ’ ಎಂದು ಇವರು ಗುಂಡಿ ಒತ್ತಿದರು. ಆಪಾ ಬಗ್ಗಿ ನನ್ನ ಉಡಿಗೆ ಅಕ್ಕಿ ಹಾಕಿ, ಮೇಲೆ ತೆಂಗಿನಕಾಯಿ ಇಟ್ಟು ಪಕ್ಕಕ್ಕೆ ಸರಿದರು.

ನಾನು ಎದುರಿನ ಪರದೆ ನೋಡಿದೆ. ನನ್ನ ಮುಖ ಇತ್ತು. ಕುತ್ತಿಗೆ, ತಾಳಿ ಇದ್ದವು. ಎರಡು ಅಂಗೈಗಳು ಇದ್ದವು. ಕೆಳಗೆ ಅರಿಶಿಣ ಹಚ್ಚಿದ ಎರಡು ಪಾದ. ನಡುವೆ ಕಂಬ ಕಾಣುತ್ತಿತ್ತು. ನನ್ನ ಹೊಟ್ಟೆ ಇರಬೇಕಾದ ಕಡೆ ರಂಗೋಲಿ ಕಾಣುತ್ತಿತ್ತು, ಅದರ ಮೇಲೆ ಗಾಳಿಯಲ್ಲಿ ಒಂದು ತೆಂಗಿನಕಾಯಿ, ಅದರ ಸುತ್ತ ಒಂದಿಷ್ಟು ಅಕ್ಕಿ. ಮೈ ಇರಬೇಕಾದ ಜಾಗದಲ್ಲಿ ಉದ್ದಕ್ಕೂ ಅಡ್ಡಕ್ಕೂ ಒಂದೆರಡು ಮಾಸಲು ಗೆರೆ ಮಾತ್ರ ನಿಂತಿದ್ದವು.

ಬುದ್ಧಿಗೆ ಕಾರಣ ತಕ್ಷಣ ಹೊಳೆಯಬೇಕಿತ್ತು. ದಿನಾ ನೋಡುವ ಆಟ ತಾನೆ. ಹೊಳೆಯಲಿಲ್ಲ. ಏಳು ತಿಂಗಳಿಂದ ಕಣ್ಣುಮುಚ್ಚಿದರೆ ಕಾಣುತ್ತಿದ್ದದ್ದು ಈಗ ಕಣ್ಣೆದುರಿಗೇ ಬಂತು ಎಂದಷ್ಟೇ ಅನಿಸಿತು. ಹೋಯಿತು, ಇದೂ ಹೋಯಿತು ಎಂದುಕೊಂಡೆ. ಹೊಟ್ಟೆ ಮುಟ್ಟಿ ನೋಡಿಕೊಳ್ಳಲಿಕ್ಕೂ ಧೈರ್ಯವಾಗಲಿಲ್ಲ.

ಆ ಕಡೆ ಅವ್ವನ ದನಿ ಕೇಳಿತು. ಕೂಗಲಿಲ್ಲ, ಮೆಲ್ಲಗೆ ಅಣ್ಣನನ್ನು ಕೇಳಿದಳು.

‘ಏ ತಮ್ಮಾ, ಆಕಿ ಹೊಟ್ಟಿ ಎಲ್ಲೈತಿ?’

ಓಣಿಯ ಹೆಂಗಸರಲ್ಲಿ ಒಬ್ಬಳು ಎದ್ದು ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ಆಗ ನಮ್ಮ ಮನೆಯವರು ತಿರುಗಿ ನನ್ನನ್ನು ನೋಡಿದರು, ಮತ್ತೆ ಪರದೆ ನೋಡಿದರು, ತಲೆಯ ಮೇಲೆ ಕೈ ಇಟ್ಟುಕೊಂಡರು.

‘ಅರೆ ದೇವಾ. ಹಸಿರು’ ಎಂದರು. ‘ಅತ್ತಿ, ಏನೂ ಆಗಿಲ್ಲ, ಸೀರೆ ಗಾಯಬ್ ಆಗೇದ, ಸೀರೆ ಅಷ್ಟೇ. ಈಕಿ ಇದ್ದಾಳ. ಸಬ್ ಠೀಕ್ ಅದ.’

ಗಡಿಬಿಡಿಯಲ್ಲಿ ಪಡಸಾಲೆ ತೆಗೆದು ಇದ್ದದ್ದನ್ನು ಇದ್ದ ಹಾಗೇ ತೋರಿಸಿದರು. ಅದರಿಂದಲೂ ಉಪಯೋಗವಾಗಲಿಲ್ಲ. ಹಸಿರು ಪರದೆಯ ಮುಂದೆ ಹಸಿರು ಸೀರೆ, ಆ ಹಳ್ಳಿಯ ಟೀವಿಯಲ್ಲಿ ಯಾವುದು ಹೊಟ್ಟೆ ಯಾವುದು ಗೋಡೆ ತಿಳಿಯಬೇಕಲ್ಲ. ‘ಕಾಣವಲ್ಲದು’ ಎಂದಳು ಅವ್ವ. ‘ನನಗ ಕಾಣವಲ್ಲದು.’ ಅವಳು ಪ್ಲಾಸ್ಟರ್ ಕಾಲನ್ನು ಮಂಚದಿಂದ ಇಳಿಸಲು ನೋಡುತ್ತಿದ್ದಳು, ಎದ್ದು ಟೀವಿಯ ಹತ್ತಿರ ಬರುವುದಕ್ಕೆ.

ಅದನ್ನು ನೋಡಿ ನನಗೆ ಸಿಟ್ಟು ಬಂತು. ಪರದೆಯ ಮೇಲೆ, ಕಂಪ್ಯೂಟರಿನ ಮೇಲೆ, ಸಿಟ್ಟೇ ಬಾರದ ಈ ಮನುಷ್ಯನ ಮೇಲೆ. ಅಷ್ಟು ಹೊತ್ತು ಅಲ್ಲಾಡದೆ ಕೂತಿದ್ದವಳು ಸಿಟ್ಟಿನಿಂದಲೇ ಎದ್ದೆ. ಉಡಿ ಹಿಡಿದುಕೊಂಡು ಎದ್ದು, ಅವರ ಕೈಯಿಂದ ಫೋನು ಕಿತ್ತು, ಅವ್ವನ ಜೊತೆ ವೀಡಿಯೋ ಕಾಲ್ ಹಚ್ಚಿಕೊಂಡು ಸೀದಾ ಹೊರಗೆ ನಡೆದೆ. ಹೊರಗೆ ಉದ್ದನೆಯ ವರಾಂಡ, ಸಾಮಾನು ಇಳಿಸುವ ದೊಡ್ಡ ಲಿಫ್ಟು, ಅದರ ಪಕ್ಕ ರಟ್ಟಿನ ಪೆಟ್ಟಿಗೆಗಳ ರಾಶಿ, ಪಾನ್ ಉಗುಳಿ ಕೆಂಪಾದ ಮೂಲೆ. ಆದರೆ ಬಿಸಿಲಿತ್ತು. ಆಪಾ ಹಿಂದೆಯೇ ಓಡಿ ಬಂದು ಒಂದು ಪೆಟ್ಟಿಗೆಯ ಮೇಲೆ ತಮ್ಮ ದುಪಟ್ಟಾ ಹಾಸಿ ನನ್ನನ್ನು ಕೂರಿಸಿದರು, ಫೋನು ಇಸಿದುಕೊಂಡು ನನ್ನ ಬದಿಗೆ ಹಿಡಿದರು.

‘ಕಾಯ್ಕು ರೋತೀ ಮಾ, ರೋನಾ ನಕ್ಕೋ’ ಎಂದರು ನನಗೆ. ನಾನು ಅಳುತ್ತಿದ್ದೇನೆಂದು ಆಗಲೇ ಗೊತ್ತಾದದ್ದು. ಆಮೇಲೆ ಫೋನಿಗೆ, ‘ಅಕ್ಕಾ, ನೋಡ್ರಿ. ಇಲ್ಲೇ ಐತಿ ಹೊಟ್ಟಿ. ಗುಡಾಣದಂಗ ಐತಿ.’

ಕಾಯಿ ಇನ್ನೂ ನನ್ನ ಉಡಿಯಲ್ಲೇ, ಹೊಟ್ಟೆಗೆ ಆತುಕೊಂಡು ಕೂತಿತ್ತು. ಅದರ ಭಾರ ತಡೆಯದೆಯೋ, ನನ್ನ ನಡಿಗೆಯ ರಭಸಕ್ಕೆ ನಿದ್ದೆಗೆಟ್ಟೋ, ಒಳಗಿನಿಂದ ಒಂದು ಒದೆ ಬಿತ್ತು. ಸಣ್ಣದಲ್ಲ, ಕಾಯಿ ಅಲುಗಿ ಒಂದು ಕಡೆ ವಾಲಿತು. ಒಂದು ಹಿಡಿ ಅಕ್ಕಿ ನೆಲಕ್ಕೆ ಚೆಲ್ಲಿತು. ನಾನು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡೆ. ಮತ್ತೊಂದು ಬಿತ್ತು.

‘ಕಾಯಿ ಅಳ್ಳಾಡಿತು’ ಎಂದಳು ಅವ್ವ ಫೋನಿನಲ್ಲಿ. ‘ನಾ ನೋಡಿದೆ. ನೀವೆಲ್ಲಾ ನೋಡಿದಿರಿಲ್ಲೋ?’

ಓಣಿಯ ಹೆಂಗಸರೆಲ್ಲ ನೋಡಿದ್ದೇವೆ ಎಂದರು. ನನ್ನ ಮೈಯಿಂದ ಏನೋ ಕಟ್ಟು ಬಿಚ್ಚಿದ ಹಾಗಾಯಿತು, ಅಳುವಿನ ನಡುವೆಯೇ ನಗು ಬಂತು. ಬೆಳಿಗ್ಗೆಯಿಂದ ಮಿಸುಕಿರಲಿಲ್ಲ ಅವ್ವಾ ಎಂದು ಆಗ ಹೇಳಿದೆ. ಪಕ್ಕದಲ್ಲಿ ನಿಂತಿದ್ದ ನಮ್ಮ ಮನೆಯವರ ಮುಖ ಬಿಳಿಚಿತು. ಬದುಕಿನಲ್ಲಿ ಮೊದಲ ಸಲ ನನ್ನ ಮೇಲೆ ಸಿಟ್ಟಾದರು. ‘ಇದು ಮೊದಲ ಹೇಳಬೇಕಾ ಬೇಡಾ? ಪಾಗಲ್ ಇದ್ದೀಯಾ?’ ಎಂದರು. ಬೈಸಿಕೊಂಡು ನನಗೆ ಹಿತವೇ ಆಯಿತು.

ಉಳಿದ ಶಾಸ್ತ್ರವೆಲ್ಲ ಅಲ್ಲೇ ಲಿಫ್ಟಿನ ಮುಂದೆ ಆಯಿತು. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಯಾರಾದರೂ ಗಂಟು ಹೊತ್ತು ಬಂದು, ನಮ್ಮನ್ನು ನೋಡಿ ಬದಿಗೆ ನಿಲ್ಲುತ್ತಿದ್ದರು. ಆಪಾನ ಕೆಲಸದ ಹೆಂಗಸರು ಕುಂಕುಮದ ನೀರಿನ ಆರತಿ ಎತ್ತಿದರು. ಆಪಾ ದಖನಿಯಲ್ಲಿ ಒಂದು ಹಾಡು ಹೇಳಿದರು, ಅವ್ವ ಆ ಕಡೆಯಿಂದ ತನ್ನದೊಂದು ಹೇಳಿದಳು, ಎರಡೂ ಒಂದಕ್ಕೊಂದು ಹೊಂದಲಿಲ್ಲ, ಯಾರೂ ನಿಲ್ಲಿಸಲೂ ಇಲ್ಲ. ಮಧ್ಯಾಹ್ನ ಡಾಕ್ಟರ ಹತ್ತಿರ ಹೋದೆವು. ಯಂತ್ರ ಹಚ್ಚಿ ಎದೆಬಡಿತ ಕೇಳಿಸಿದರು. ಚೆನ್ನಾಗಿದೆ, ನಿದ್ದೆ ಮಾಡಿರಬೇಕು, ಆದರೆ ಇನ್ನೊಮ್ಮೆ ಹೀಗಾದರೆ ಶಾಸ್ತ್ರ ಮುಗಿಸಿಕೊಂಡು ಬರಬೇಡಿ, ಕೂಡಲೇ ಬನ್ನಿ ಎಂದು ಅವರೂ ಬೈದರು.

ಸಂಜೆ ಅವ್ವ ಮತ್ತೆ ಫೋನು ಮಾಡಿದಳು. ಆಗ ನಾನು ಆ ಗೆರೆಗಳ ವಿಚಾರ ಕೇಳಿದೆ. ಸೀರೆಯೆಲ್ಲ ಮಾಯವಾದರೂ ಅದರ ಮಡಿಕೆಯ ಗೆರೆಗಳು ಮಾತ್ರ ಪರದೆಯ ಮೇಲೆ ಉಳಿದಿದ್ದವು, ಅಲ್ಲಿ ಬಣ್ಣ ಮಾಸಿರಬೇಕು, ಹೊಸ ಸೀರೆ ಹೀಗೇಕೆ ಎಂದು ನಮ್ಮ ಮನೆಯವರಿಗೆ ಆಶ್ಚರ್ಯವಾಗಿತ್ತು. ಅಂಗಡಿಯವನು ಹಳೆಯ ಮಾಲು ಕಟ್ಟಿದ್ದಾನೆ ಎಂದೆ.

‘ಅದು ಹೊಸಾದಲ್ಲ ಬಿಡವಾ’ ಎಂದಳು ಅವ್ವ. ‘ನೀ ಮೊದಲನೇ ಸಲ ಬಸರ ಆದಾಗನ ತಂದಿಟ್ಟಿದ್ದೆ. ಆವಾಗಿಂದ ಟ್ರಂಕಿನ್ಯಾಗ ಇತ್ತು. ಬ್ಯಾರೆದು ತರೂಣಂದ್ರ ಮನಸ್ಸಾಗಲಿಲ್ಲ. ಇದನ್ನ ನೀ ಉಟ್ಟ ತೀರಬೇಕು ಅನಸ್ತಿತ್ತು.’

ನಾನು ಸೀರೆಯನ್ನು ಇನ್ನೂ ಬಿಚ್ಚಿಟ್ಟಿರಲಿಲ್ಲ. ಉಟ್ಟುಕೊಂಡೇ ಮಲಗಿದ್ದೆ. ಅವ್ವನಿಗೆ ಅದನ್ನು ಹೇಳಿದೆ. ಸಾಕು, ಇನ್ನ ನಾ ಮಲಗತೀನಿ ಎಂದು ಅವಳು ಫೋನು ಇಟ್ಟಳು.

ನಮ್ಮ ಮನೆಯವರು ಕ್ಯಾಮೆರಾದಲ್ಲಿ ಉಳಿದಿದ್ದ ಆ ವೀಡಿಯೋವನ್ನು ಅಷ್ಟಕ್ಕೇ ಬಿಡಲಿಲ್ಲ. ಒಂದೊಂದೇ ಚಿತ್ರ ಹಿಡಿದು, ನನ್ನ ಸೀರೆಯ ಅಂಚಿನಗುಂಟ ಕೈಯಾರೆ ಗೆರೆ ಎಳೆದು, ಇದು ಸೀರೆ, ಇದು ಪರದೆ ಎಂದು ಕಂಪ್ಯೂಟರಿಗೆ ಎಳೆಮಗುವಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟು, ಬಹಳ ದಿನ ಕೂತು ನನ್ನ ಮೈಯನ್ನು ಪಡಸಾಲೆಗೆ ವಾಪಸು ತಂದರು. ಊರಿಗೆ ಕಳಿಸಿದರು. ಅವ್ವ ಅದನ್ನು ಬಂದವರಿಗೆಲ್ಲ ತೋರಿಸಿದಳು. ನಮ್ಮ ಸೋದರತ್ತೆ ಫೋನು ಮಾಡಿ, ಊರಿಗೆ ಬಂದು ಕುಬಸ ಮಾಡಿಸಿಕೊಂಡು ಹೋದೆಯಂತೆ, ನಮ್ಮ ಮನೆಗೆ ಒಂದು ಹೆಜ್ಜೆ ಇಡಲಿಲ್ಲ ಎಂದು ಆಡಿಕೊಂಡಳು. ಎಷ್ಟು ಹೇಳಿದರೂ ನಂಬಲಿಲ್ಲ. ಕಣ್ಣಾರೆ ಕಂಡಿದ್ದೀನಿ, ಸುಳ್ಳು ಹೇಳಬ್ಯಾಡ ಎಂದಳು.

ಉಳಿದ ಎರಡು ತಿಂಗಳು ನಿದ್ದೆ ಬರುತ್ತಿತ್ತು. ಹೆದರಿಕೆ ಪೂರ್ತಿ ಹೋಯಿತೆಂದಲ್ಲ, ಆದರೆ ಹೆಚ್ಚೆಂದರೆ ಏನು ಕಾಣಬಹುದೋ ಅದನ್ನು ಒಮ್ಮೆ ಕಂಡು ಎದ್ದು ಬಂದಿದ್ದೆನಲ್ಲ.

ಹೆರಿಗೆ ಪಾರ್ಲೆಯ ಆಸ್ಪತ್ರೆಯಲ್ಲಿ ಆಯಿತು. ಅಷ್ಟರಲ್ಲಿ ಪ್ಲಾಸ್ಟರ್ ಬಿಚ್ಚಿಸಿಕೊಂಡ ಅವ್ವ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನನಗೆ ಮಂಪರು. ಮಗು ಅತ್ತದ್ದು ಎಲ್ಲೋ ದೂರದಲ್ಲಿ ಕೇಳಿತು. ಸ್ವಲ್ಪ ಹೊತ್ತಿಗೆ ನರ್ಸು ಬಂದು ನನ್ನ ಮುಖದ ಹತ್ತಿರ ಬಗ್ಗಿ ‘ಮುಲಗೀ ಝಾಲೀ’ ಎಂದು ಹೇಳಿ ಹೆಣ್ಣುಮಗುವನ್ನು ತೋರಿಸಿದಳು. ಆಸ್ಪತ್ರೆಯ ಹಸಿರು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ್ದರು. ಕೆಂಪಗಿನ ಪುಟ್ಟ ಮುಖವೊಂದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

‘ಬಿಚ್ಚರಿ’ ಎಂದೆ. ಅವಳಿಗೆ ತಿಳಿಯಲಿಲ್ಲ. ‘ಕಪಡಾ ಕಾಢಾ’ ಎಂದೆ.

ಮಗುವಿಗೆ ಥಂಡಿಯಾಗುತ್ತದೆ ಎಂದು ಅವಳು ಮರಾಠಿಯಲ್ಲಿ ಹೇಳಿದಳು. ಆಗಲಿ, ಒಂದು ಕ್ಷಣ ಬಿಚ್ಚಿ ಎಂದು ಅವಳ ಕೈ ಹಿಡಿದುಕೊಂಡೆ. ನನ್ನ ಮುಖದಲ್ಲಿ ಏನು ಕಂಡಳೋ, ವಾದಿಸಲಿಲ್ಲ. ಬಟ್ಟೆಯ ಒಂದು ಬದಿ ತೆಗೆದಳು, ಇನ್ನೊಂದು ಬದಿ ತೆಗೆದಳು. ಎರಡು ಕೈ, ಮಡಚಿದ ಎರಡು ಕಾಲು, ನಡುವೆ ಗುಂಡಗಿನ ಹೊಟ್ಟೆ. ಏರುತ್ತಿತ್ತು, ಇಳಿಯುತ್ತಿತ್ತು. ನಾನು ಅದರ ಮೇಲೆ ಕೈ ಇಟ್ಟೆ, ಬೆಚ್ಚಗಿತ್ತು.

ಸಾಕು, ಇನ್ನು ಸುತ್ತಿ ಎಂದೆ.